ಹರವಿಯ ಹಿಂದಿನ ಡಬ್ಬಿ

ನಮ್ಮ ಓಣಿಗೆ ಯಾರಾದರೂ ನಗುತ್ತ ಬಂದರೆ ನಾನು ಮೊದಲು ನೋಡುವುದು ಅವರ ಕೈಯನ್ನು. ಕೈಯಲ್ಲಿ ಕಾಗದ ಇದ್ದರೆ ವೋಟಿಗೆ ಬಂದವರು. ಟೇಪು ಇದ್ದರೆ ಜಾಗ ಅಳೆಯಲು ಬಂದವರು. ಕುಂಚ ಇದ್ದರಂತೂ ಮನೆ ಕೀಳಿಸಲು ಬಂದವರೇ. ಹೊಳೆ ಬಂದು ಇಳಿದ ವರ್ಷ ಯಾರೋ ಬಂದು ಪಂಚಗಂಗೆಯ ಕಡೆಯ ಗೋಡೆಗಳ ಮೇಲೆ ನೀಲಿ ಗೆರೆ ಎಳೆದು ಹೋದರು. ಗೆರೆಯ ಒಳಗಿನವರೆಲ್ಲ ಗಂಟುಮೂಟೆ ಕಟ್ಟಬೇಕಂತೆ ಎಂದು ಸುದ್ದಿ ಹಬ್ಬಿತು. ಯಾರನ್ನೂ ಎಬ್ಬಿಸಲಿಲ್ಲ ಬಿಡಿ. ಆದರೆ ಅಂದಿನಿಂದ ಇಚಲಕರಂಜಿಯ ನಮ್ಮ ಓಣಿಯಲ್ಲಿ ಬಣ್ಣ ಹಚ್ಚುವವರು ಕಂಡರೆ ಹೆಂಗಸರು ಬಾಗಿಲು ಮುಂದೆ ಮಾಡಿಕೊಳ್ಳುತ್ತಾರೆ.

ಈ ಬೇಸಿಗೆಯ ಆರಂಭದಲ್ಲಿ ಬಂದ ಹುಡುಗಿಯ ಕೈಯಲ್ಲಿ ಈ ಮೂರೂ ಇದ್ದವು.

ಮಯೂರಿ ಅಂತ ಹೆಸರು. ಗಡಹಿಂಗ್ಲಜದವಳು, ಲಿಂಗಾಯತರ ಹುಡುಗಿ. ಮರಾಠಿಯಲ್ಲಿ ಶುರು ಮಾಡಿದವಳು ನನ್ನ ಮಾತು ಕೇಳಿ ಕನ್ನಡಕ್ಕೆ ಹೊರಳಿದಳು. ಹೊಸ್ತಿಲ ಮೇಲೆ ಕೂತು ತಾನಾಗಿಯೇ ನೀರು ಕೇಳಿದಳು. ಕೇಳಿ ನೀರು ಕುಡಿಯುವವರನ್ನಂತೂ ನಾನು ನಂಬುವುದೇ ಇಲ್ಲ. ನೀರು ಕೊಟ್ಟ ಮೇಲೆ ಹೊರಗೆ ದಬ್ಬಲು ಬರುವುದಿಲ್ಲ ನೋಡಿ, ಅದು ಅವರಿಗೂ ಗೊತ್ತಿರುತ್ತದೆ.

"ಕಾಕು, ನಿಮ್ಮ ಪತ್ರಾಕ್ಕ, ಈ ಮಾಡಿನ ತಗಡಿಗೆ, ಬಿಳಿ ಬಣ್ಣ ಹಚ್ಚೋದೈತಿ. ಬಿಸಲು ತಿರುಗಿ ಮ್ಯಾಲ ಹೋಗತೈತಿ, ಒಳಗ ತಂಪ ಇರತೈತಿ. ನೀವು ಏನೂ ಕೊಡೂದು ಬ್ಯಾಡ."

"ಯಾವ ಪಕ್ಷದಾಕಿ ನೀ?"

"ಪಕ್ಷ ಅಲ್ರಿ, ಸಂಸ್ಥಾ."

"ಅದ ಮತ್ತ. ಸಂಸ್ಥಾದ ಹಿಂದ ಯಾವ ಪಕ್ಷ ಐತಿ ಅಂತ ಕೇಳಾಕತ್ತೇನಿ."

ಅವಳು ನಕ್ಕಳು. ನಾನು ನಗಲಿಲ್ಲ. "ಪತ್ರಾ ಬೆಳ್ಳಗ ಕಾಣೋದು ಯಾರಿಗೆ? ಮ್ಯಾಲಿನಿಂದ ನೋಡಾವ್ರಿಗೆ. ಮ್ಯಾಲಿನಿಂದ ನೋಡಾವ್ರು ಯಾರದಾರ?" ಎಂದೆ.

"ಯಾರೂ ನೋಡಂಗಿಲ್ಲ ಕಾಕು, ಸೂರ್ಯ ಒಬ್ಬನ." ಬೆವರು ಒರೆಸಿಕೊಳ್ಳುತ್ತ ಅವಳು ಮುಂದುವರಿಸಿದಳು. "ಕಾವು ತಡ್ಕೊಳ್ಳಾಕ ಆಗದ ಎಲ್ಲಾರೂ ಕೂಲರು, ಏಸಿ ಹಚ್ಚಾಕತ್ತಾರ. ಅದಕ್ಕ ಕರೆಂಟ ಬೇಕು. ಕರೆಂಟಿಗೆ ಕಲ್ಲಿದ್ದಲು ಸುಡಬೇಕು. ಆ ಹೊಗಿಯಿಂದ ಮುಂದಿನ ಬ್ಯಾಸಗಿ ಇನ್ನೂ ಜಾಸ್ತಿ ಕಾಯತೈತಿ. ಅದಕ್ಕ ಮನೀನ ತಂಪ ಮಾಡಿದ್ರ ಕರೆಂಟ ಉಳೀತೈತಿ ಅಂತ ನಮ್ಮ ವಿಚಾರ."

ಅಗೋ ನೋಡಿ, ಬಾಯಿಬಿಟ್ಟಳು! ಬಣ್ಣದ ಮಾತಿನಲ್ಲಿ ಕರೆಂಟು ಎಲ್ಲಿಂದ ಬಂತು?

ನಮ್ಮ ಮನೆಯೆಂದರೆ ತಗಡಿನ ಮಾಡಿನ ಒಂದೇ ಕೋಣೆ. ಅದರ ಅರ್ಧ ಜಾಗ ಕಾಂಡಿ ಮಷೀನಿಗೆ ಹೋಗಿದೆ. ಮಗ್ಗದ ಲಾಳಿಯೊಳಗೆ ಕೂರುವ ಸಣ್ಣ ನೂಲಿನ ಉರುಳೆಗೆ ಕಾಂಡಿ ಅನ್ನುತ್ತಾರೆ. ಅದಕ್ಕೆ ನೂಲು ಸುತ್ತುವುದು ನನ್ನ ಕೆಲಸ. ನಮ್ಮವರು ರಾಯಪ್ಪ ಕಾರಖಾನೆಯಲ್ಲಿ ಮಗ್ಗ ನಡೆಸುತ್ತಾರೆ, ನಾನು ಮನೆಯಲ್ಲಿ ಕಾಂಡಿ ತುಂಬುತ್ತೇನೆ. ಮಷೀನು ನಡೆಯುವುದು ಮನೆಯ ಮೀಟರಿನ ಮೇಲೆ. ಅದು ತಪ್ಪೋ ಸರಿಯೋ ನನಗೆ ಗೊತ್ತಿಲ್ಲ, ಲೈಟಿನ ಆಫೀಸಿನವರಿಗೆ ಗೊತ್ತಾಗಬಾರದು ಎಂಬುದಷ್ಟು ಗೊತ್ತು. ಓಣಿಯ ಎಲ್ಲ ಮನೆಯ ಸಂಗತಿಯೂ ಇಷ್ಟೇ. ಯಾರೂ ಯಾರ ಮುಂದೆಯೂ ಇದನ್ನು ಆಡುವುದಿಲ್ಲ.

ಬಣ್ಣ ಬೇಡ ಎಂದುಬಿಟ್ಟೆ. ಆಗ ಅವಳು ಚೀಲದಿಂದ ಒಂದು ಡಬ್ಬಿ ತೆಗೆದಳು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಹಸಿರು ದೀಪ ಮಿಣುಕ್ ಮಿಣುಕ್ ಅನ್ನುತ್ತಿತ್ತು. "ಇದು ಮನಿಯೊಳಗಿನ ಕಾವು ಹಗಲೂ ರಾತ್ರಿ ಅಳದು ನೆನಪಿಟ್ಕೋತೈತಿ. ಎಲ್ಲಾ ಮನಿಗೂ ಒಂದೊಂದು. ಯಾವ ಓಣಿ ಜಾಸ್ತಿ ಕಾಯತೈತಿ ನೋಡಿ, ಅಲ್ಲೆ ಮೊದಲ ಬಣ್ಣ ಹಚ್ಚತೇವಿ. ಅಷ್ಟೊತ್ತಿಗೆ ನಿಮ್ಮ ಮನಸೂ ಬದಲಾದೀತು" ಎಂದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು "ಇರಲಿ ಬಿಡ, ಅದೇನ ಅನ್ನ ಕೇಳತೈತೇನು?" ಅಂದು ಮೊಳೆ ಹೊಡೆದೇಬಿಟ್ಟರು. ಹೊಡೆದದ್ದಾದರೂ ಎಲ್ಲಿ? ಸರಿಯಾಗಿ ಕಾಂಡಿ ಮಷೀನಿನ ನೆತ್ತಿಯ ಮೇಲೆ! ಈ ಗಂಡಸರ ಬುದ್ಧಿಗೆ ಏನನ್ನಬೇಕು ಹೇಳಿ.

ಅವಳ ಸ್ಕೂಟರು ಓಣಿ ದಾಟಿದ ಕೂಡಲೇ ಡಬ್ಬಿ ಇಳಿಸಿದೆ. ಮಷೀನು ಎಷ್ಟು ಹೊತ್ತು ತಿರುಗುತ್ತದೆ ಎಂದು ಲೆಕ್ಕ ಹಿಡಿಯುವ ಡಬ್ಬಿ ಅದು ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಒಡೆದುಹಾಕಿದರೆ ಕೇಳುತ್ತಾರೆ. ಪೆಟ್ಟಿಗೆಯಲ್ಲಿ ಇಟ್ಟರೆ ಅಲ್ಲಿಗೂ ಸದ್ದು ಹೋಗುತ್ತದೆ. ಕೋಣೆಯ ಆ ತುದಿಯಲ್ಲಿ ನೀರಿನ ಹರವಿ ಇದೆ. ನೀರು ತಂಪಾಗಲೆಂದು ಸುತ್ತ ಹಸಿ ಗೋಣಿತಟ್ಟು ಕಟ್ಟಿರುತ್ತೇನೆ. ಹರವಿಯ ಹಿಂದೆ ಗೋಡೆಯ ಮೂಲೆಯಲ್ಲಿ, ಗೋಣಿಯ ಮರೆಗೆ ಡಬ್ಬಿ ತುರುಕಿದೆ. ಅಲ್ಲಿಂದ ಏನು ಕೇಳುತ್ತದೋ ಕೇಳಲಿ ಎಂದುಕೊಂಡೆ. ಆ ಹುಡುಗಿಯ ಸ್ಕೂಟರಿನ ಸಪ್ಪಳ ನನಗೆ ಪಾಠವಾಗಿತ್ತು. ಅದು ಓಣಿಯ ತಿರುವಿಗೆ ಬಂದರೆ ಸಾಕು, ಮಷೀನು ಬಂದ್, ಡಬ್ಬಿ ಮೊಳೆಗೆ. ಅವಳು ಬಂದು ಡಬ್ಬಿಯ ಹತ್ತಿರ ಮೊಬೈಲು ಹಿಡಿದು, ಹುಬ್ಬು ಗಂಟಿಕ್ಕಿ, ನೀರು ಕುಡಿದು ಹೋಗುತ್ತಿದ್ದಳು.

ಇಷ್ಟರಲ್ಲಿ ಮಗಳು ಸುವರ್ಣಾ ಬಂದಳು. ಚೊಚ್ಚಲ ಬಸುರಿ. ಜಯಸಿಂಗಪುರಕ್ಕೆ ಹೋಗಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ ಕರೆದುಕೊಂಡು ಬಂದಿದ್ದೆವು. ಮೊದಲ ಬಾಣಂತನ ತವರಿನದು. ಅದನ್ನು ಯಾರೂ ಕಸಿಯುವಂತಿಲ್ಲ. ಆದರೆ ಬೀಗ್ತಿ ಬಾಳಕ್ಕ ಅಷ್ಟು ಮಂದಿಯ ನಡುವೆ ಕೇಳಿದ್ದರು. "ನಿಮ್ಮದು ಪತ್ರಾದ ಮನಿ ಅಲ್ಲೇನ್ರಿ ಹಾಲವ್ವಾರ? ಬ್ಯಾಸಗಿ ಭಾಳ ಬಿರುಸು ಐತಿ. ನಮ್ಮಲ್ಲೆ ಸಿಮೆಂಟ ಸ್ಲ್ಯಾಬ್ ಐತಿ ನೋಡ್ರಿ." ಊಟದ ಎಲೆಯ ಮುಂದೆ ಕೂತಿದ್ದೆ, ಇಲ್ಲದಿದ್ದರೆ ತಕ್ಕ ಉತ್ತರ ಕೊಡುತ್ತಿದ್ದೆ.

ಕೊಡಲಿಕ್ಕೆ ಉತ್ತರವಾದರೂ ಎಲ್ಲಿತ್ತು? ಊಟದ ಹೊತ್ತಿಗೆ ನಮ್ಮ ತಗಡು ಕಾದ ಹಂಚಾಗುತ್ತಿತ್ತು. ನನಗೆ ರೂಢಿ. ಮದುವೆಗೆ ಮುಂಚೆ ಅವಳಿಗೂ ರೂಢಿಯಿತ್ತು. ಈಗ ಹೊಟ್ಟೆಯಲ್ಲಿ ಇನ್ನೊಂದು ಜೀವ. ನೆಲಕ್ಕೆ ನೀರು ಚಿಮುಕಿಸಿ ಅದರ ಮೇಲೆ ಮಲಗುತ್ತಿದ್ದಳು. ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿತ್ತು. ಒಂದು ಮಧ್ಯಾಹ್ನ ನೀರು ಕುಡಿಯಲು ಎದ್ದವಳು ಹರವಿಯ ಹತ್ತಿರವೇ ಕುಸಿದಳು. ನಾನು "ಅಯ್ಯ ಶಿವನೇ" ಎಂದು ಓಡಿ ಹಿಡಿದೆ. ಮೈ ಸುಡುತ್ತಿತ್ತು. ದವಾಖಾನೆಯ ಡಾಕ್ಟರಬಾಯಿ ನೋಡಿ, ಕೂಸು ಸುಖವಾಗಿದೆ, ಆದರೆ ಇವಳನ್ನು ತಂಪಿನಲ್ಲಿ ಇಡಿ, ಇನ್ನೊಮ್ಮೆ ಹೀಗಾದರೆ ನಾನು ಹೊಣೆಯಲ್ಲ ಅಂದರು. ನನ್ನ ಎದೆ ಆ ದಿನ ಒಡೆದದ್ದು ಇನ್ನೂ ಕೂಡಿಲ್ಲ.

ಸುದ್ದಿ ಜಯಸಿಂಗಪುರಕ್ಕೆ ಯಾರು ಮುಟ್ಟಿಸಿದರೋ. ಅಳಿಯ ನಿಖಿಲನ ಕೆಲಸವೇ ಇರಬೇಕು. ಸಂಜೆಗೆ ಬಾಳಕ್ಕನ ಫೋನು ಬಂತು.

"ಸೋಮವಾರ ಬರತೇನ್ರಿ. ಸೊಸಿನ್ನ ಕರ್ಕೊಂಡ ಹೋಗತೇನಿ. ನಿಖಿಲ ಏಸಿ ಹಾಕಸ್ತೇನಿ ಅಂದಾನ."

"ಚೊಚ್ಚಲ ಬಾಣಂತನ ನಮ್ಮದರಿ ಬಾಳಕ್ಕಾರ."

"ಬಾಣಂತನ ನಿಮ್ಮದ, ಖರೆ. ಜೀವ ಯಾರದ್ರಿ?"

ಫೋನಿಟ್ಟೆ. ಮೊದಲ ಮೊಮ್ಮಗುವನ್ನು ತಮ್ಮ ಅಂಗಳದಲ್ಲಿಯೇ ಇಳಿಸಿಕೊಂಡು, ಹೆರಿಗೆ ನಮ್ಮ ಮನೆಯಲ್ಲೇ ಆಯ್ತು ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುವ ಆಸೆ ಆ ಹೆಂಗಸಿಗೆ. ನನಗೆ ತಿಳಿಯುವುದಿಲ್ಲವೇ? ಆದರೆ ಮಗಳ ಮುಖ ನೋಡಿದರೆ ಜಗಳಕ್ಕೂ ಬಾಯಿ ಬರಲಿಲ್ಲ. ಸುವರ್ಣಾ ಮಾತ್ರ "ನಾ ಅಲ್ಲೆ ಹೋಗಂಗಿಲ್ಲವ್ವಾ" ಎಂದು ಗೋಡೆಯ ಕಡೆ ಹೊರಳಿದಳು. ತವರಿನ ಮೇಲಿನ ಮಾಯೆ ಎಂದುಕೊಂಡೆ.

ಮರುದಿನವೇ ನಾಲೆಯ ಆಚೆಯ ಓಣಿಗೆ ಹೋದೆ. ಅಲ್ಲಿ ಮಯೂರಿ ಹುಡುಗರನ್ನು ತಗಡಿನ ಮೇಲೆ ಹತ್ತಿಸಿ ಬಣ್ಣ ಹಚ್ಚಿಸುತ್ತ ನಿಂತಿದ್ದಳು. ನಾಚಿಕೆ ಬಿಟ್ಟು ಕೇಳಿದೆ. "ನಮ್ಮ ಮನಿಗೂ ಹಚ್ಚ ಬಾ ತಂಗಿ. ಮನ್ಯಾಗ ಬಸುರಿ ಹುಡುಗಿ ಅದಾಳ."

ಅವಳ ಮುಖ ಸಣ್ಣದಾಯಿತು. "ನಿಮ್ಮ ಓಣಿಗೆ ಈ ವರ್ಷ ಬಣ್ಣ ಇಲ್ಲ ಕಾಕು. ನಿಮ್ಮ ಓಣಿ ಅಷ್ಟ ಕಾಯಂಗಿಲ್ಲಂತ ಬಂದೈತಿ. ನಿಮ್ಮ ಮನಿಯಂತೂ ಎಲ್ಲಾಕ್ಕಿಂತ ತಂಪ."

"ನಮ್ಮ ಮನಿ ತಂಪ?"

"ಡಬ್ಬಿ ಹಾಂಗ ಹೇಳತೈತಿ."

ನನ್ನ ಡಬ್ಬಿ ಹಸಿ ಗೋಣಿಯ ಮರೆಯಲ್ಲಿ ಹಾಯಾಗಿ ಕೂತಿತ್ತು, ಅದು ತಂಪು ಎನ್ನದೆ ಇನ್ನೇನು ಎಂದೀತು? ಹೇಳಿಬಿಡಲೇ ಎಂದು ನಾಲಿಗೆಯ ತುದಿಗೆ ಬಂತು. ಹೇಳಿದರೆ ಯಾಕೆ ಮುಚ್ಚಿಟ್ಟಿರಿ ಅಂತಾಳೆ. ಆಗ ಮಷೀನಿನ ಮಾತು ಬರುತ್ತದೆ. ಕರೆಂಟು ಕಡಿದರೆ ಕಾಂಡಿ ನಿಂತಿತು, ಫ್ಯಾನೂ ನಿಂತಿತು. ನುಂಗಿಕೊಂಡೆ. ಆದರೆ ಬರುವ ದಾರಿಯಲ್ಲಿ ಇನ್ನೊಂದು ಸಂಶಯ ಹೊಕ್ಕಿತು. ಮುಚ್ಚಿಟ್ಟವಳು ನಾನೊಬ್ಬಳು. ಇಡೀ ಓಣಿ ಹೇಗೆ ತಂಪಾಗಿ ಬಂತು? ನಾಲೆಯ ಆಚೆಯವರು ಯಾರಿಗೋ ಏನೋ ತಿನ್ನಿಸಿದ್ದಾರೆ, ಅದೇ ನಿಜ ಅನ್ನಿಸಿತು. ಆ ಸಿಟ್ಟಿನಲ್ಲಿಯೇ ಅಂಗಡಿಗೆ ಹೊಕ್ಕು ಸುಣ್ಣ ತಂದೆ.

ಅವರ ಬಣ್ಣವನ್ನು ನಾನು ನೋಡಿಯೇ ಬಂದಿದ್ದೆ. ಬೇಕಾದದ್ದು ಬಿಳುಪು ತಾನೇ? ಬಿಳುಪಿಗೆ ಸುಣ್ಣ ಸಾಲದೇ? ಮಳೆಗೆ ತೊಳೆದು ಹೋಗುತ್ತದೆ, ಹೋಗಲಿ. ಮಳೆ ಬಂದ ಮೇಲೆ ತಂಪು ಯಾರಿಗೆ ಬೇಕು? ನೂಲಿಗೆ ಹಾಕುವ ಗಂಜಿ ಕಾರಖಾನೆಯಿಂದ ಒಂದು ಬಕೀಟು ತರಿಸಿ ಸುಣ್ಣಕ್ಕೆ ಕಲಸಿದೆ, ತಗಡಿಗೆ ಹಿಡಿದುಕೊಳ್ಳಲಿ ಎಂದು. ಬೆಳಗು ಹರಿಯುವ ಮೊದಲೇ ನಮ್ಮವರನ್ನು ಏಣಿ ಹತ್ತಿಸಿದೆ. ಅವರು ಯಾಕೆ ಎಂದು ಕೇಳಲಿಲ್ಲ. ಮದುವೆಯಾದ ಹೊಸತರಲ್ಲಿ ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟವರು ಅವರು.

ಓಣಿ ಎದ್ದು ನೋಡುವಷ್ಟರಲ್ಲಿ ಅರ್ಧ ಮಾಡು ಬೆಳ್ಳಗಾಗಿತ್ತು. ಎದುರು ಮನೆಯ ಚೆನ್ನವ್ವ ಹಲ್ಲುಜ್ಜುತ್ತ ಬಂದು ನಿಂತಳು.

"ಯಾರ ಹೇಳಿ ಹಚ್ಚಸಾಕತ್ತಿ ಹಾಲವ್ವಾ?"

"ಯಾರೂ ಹೇಳಿಲ್ಲ. ನನ್ನ ಪತ್ರಾ, ನನ್ನ ಸುಣ್ಣ."

"ಹೌದ? ಎಷ್ಟ ಕೊಟ್ರು? ಮ್ಯಾಲಿನಿಂದ ಗುರ್ತ ಹಿಡೀಲಿ ಅಂತ ನೀನ ಗುರ್ತ ಹಾಕ್ಕೊಂಡೆಲ್ಲಾ ಮಾರಾಯ್ತಿ. ನಾಳೆ ನಿನ್ನ ಸಲುವಾಗಿ ಎಲ್ಲಾರನೂ ಎಬ್ಬಸಿದ್ರ?"

ನನ್ನ ಮಾತು ನನಗೇ ತಿರುಗಿ ಬಂದಿತ್ತು. ಮೈ ಉರಿಯಿತು. "ನಿನ್ನ ಪತ್ರಾದ ಕೆಳಗ ನೀ ಬೇಯಿ ಹೋಗ!" ಎಂದು ಕೂಗಿದೆ. ಆ ದಿನ ಯಾರ ಮನೆಯಿಂದಲೂ ಮೊಸರಿನ ಹೆಪ್ಪು ಕೇಳಲು ಯಾರೂ ಬರಲಿಲ್ಲ.

ಮಧ್ಯಾಹ್ನ ಒಳಗೆ ಮಷೀನಿನ ಹತ್ತಿರ ಕೂತೆ. ನೆತ್ತಿ ಸುಡಲಿಲ್ಲ. ಸ್ಟೂಲು ಹತ್ತಿ ತಗಡಿಗೆ ಅಂಗೈ ಹಚ್ಚಿದೆ. ಬೆಚ್ಚಗಿತ್ತು, ಅಷ್ಟೇ. ಕೈ ಕೀಳಬೇಕಾಗಲಿಲ್ಲ. ಕೆಳಗೆ ಸುವರ್ಣಾ ಒಣ ನೆಲದ ಮೇಲೆಯೇ ಮಲಗಿ ನಿದ್ದೆ ಹೋಗಿದ್ದಳು. ಎಷ್ಟೋ ದಿನದ ಮೇಲೆ ಅವಳು ಹಗಲು ನಿದ್ದೆ ಮಾಡಿದ್ದು. ಸ್ಟೂಲಿನ ಮೇಲೆ ನಿಂತೇ ಅತ್ತುಬಿಟ್ಟೆ. ಆಮೇಲೆ ಜಂಬ ಬಂತು. ನೋಡಲಿ, ಆ ಡಬ್ಬಿಯೂ ನೋಡಲಿ ಅಂದುಕೊಂಡು ಅದನ್ನು ಹರವಿಯ ಹಿಂದಿನಿಂದ ತೆಗೆದು ಮೊಳೆಗೆ ಸಿಕ್ಕಿಸಿದೆ. ಮಷೀನನ್ನು ಮಾತ್ರ ಆ ದಿನದಿಂದ ಮುಟ್ಟಲಿಲ್ಲ. ಹಳೆಯ ಸೀರೆ ಹೊದಿಸಿ ಇಟ್ಟೆ.

ಸೋಮವಾರ ಬಾಳಕ್ಕ ಬಂದರು. ಬೇಕೆಂದೇ ಸುಡುವ ಹೊತ್ತಿಗೆ ಬಂದಿದ್ದರು, ನಮ್ಮ ಕಾವನ್ನು ಕಣ್ಣಾರೆ ಕಾಣಬೇಕಲ್ಲ. ಚಹ ಬೇಡ ಎಂದರು. ಗೋಡೆಗೆ ಒರಗಿ ಕೂತು, ಸೆರಗಿನಿಂದ ಗಾಳಿ ಹಾಕಿಕೊಳ್ಳಲು ಶುರು ಮಾಡಿ, ನಡುವೆ ನಿಲ್ಲಿಸಿ ಮೇಲೆ ನೋಡಿದರು. ಮತ್ತೆ ಹಾಕಿಕೊಂಡರು, ಮತ್ತೆ ನಿಲ್ಲಿಸಿದರು.

"ಏನ ಮಾಡಸೀರಿ?" ಎಂದು ಕೇಳಿದರು.

"ಏನಿಲ್ಲರಿ. ಸುಣ್ಣ."

"ಸುಣ್ಣ?" ಎಂದು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಗೋಡೆಗೆ ಹಚ್ಚುವ ಸುಣ್ಣವನ್ನು ತಗಡಿಗೆ ಹಚ್ಚಿ ತಮ್ಮ ಕಣ್ಣಿಗೆ ಮಣ್ಣೆರಚಿದ್ದೇನೆ ಎಂಬಂತಿತ್ತು ಆ ನೋಟ. "ಇವತ್ತು ಬಿಸಲ ಕಡಿಮಿ ಇರಬೇಕು. ಸುವರ್ಣಾ, ಅರಬಿ ಕಟ್ಟು. ನಾಲ್ಕರ ಬಸ್ಸಿಗೆ ಹೋಗೂಣು."

ಸುವರ್ಣಾ ಅಲುಗಲಿಲ್ಲ. ಅಷ್ಟರಲ್ಲಿ ಸ್ಕೂಟರಿನ ಸಪ್ಪಳ ಕೇಳಿಸಿತು. ಮಯೂರಿ ಓಣಿಯಿಂದಲೇ ಮಾಡು ನೋಡಿ ಒಳಗೆ ಬಂದವಳು "ಕಾಕು, ನೀವ ಸುಣ್ಣಾ ಹಚ್ಚೀರಲ್ಲಾ! ಭಾಳ ಚಲೋ ಆತು" ಎಂದು ಕುಣಿದಳು. ಬೀಗ್ತಿಯ ಮುಂದೆ ನನ್ನ ಎದೆ ಉಬ್ಬಿತು. "ನೋಡ ಬಾ, ನಿನ್ನ ಡಬ್ಬಿನ್ನ ಕೇಳು. ನಮ್ಮ ಬೀಗ್ತ್ಯಾರಿಗೂ ಹೇಳು, ಎಷ್ಟ ತಂಪಾಗೈತಿ ಅಂತ" ಎಂದೆ.

ಅವಳು ಮೊಬೈಲು ಹಿಡಿದಳು. ಹುಬ್ಬು ಗಂಟಾಯಿತು. ಮತ್ತೊಮ್ಮೆ ಹಿಡಿದಳು.

"ಏನಂತೈತಿ?" ಎಂದೆ.

"ಕಾಕು, ಸುಣ್ಣ ಹಚ್ಚಾಕ ಮೊದಲ ಎಷ್ಟಿತ್ತೋ ಈಗೂ ಅಷ್ಟ ಐತಿ. ಏನೂ ಫರಕ ಬಿದ್ದಿಲ್ಲ." ಅವಳ ದನಿ ಇಳಿಯಿತು. "ಸುಣ್ಣದಿಂದ ಉಪಯೋಗ ಆಗಂಗಿಲ್ಲ ಅಂತ ಕಾಣತೈತಿ. ಉಳಿದ ಓಣಿಗೆ ಬಣ್ಣ ಸಾಲಂಗಿಲ್ಲ, ಸುಣ್ಣಾನ ಹಚ್ಚೂಣು ಅಂತ ನಾ ಮಾತಾಡಾಕತ್ತಿದ್ದೆ. ಈಗ ಬ್ಯಾಡ ಅನಬೇಕಾಗತೈತಿ."

ಬಾಳಕ್ಕ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. "ನನಗ ಆಗಲೇ ಸಂಶೇ ಬಂದಿತ್ತು. ನಡಿ ಸುವರ್ಣಾ."

ಸುವರ್ಣಾ ನನ್ನ ಕಡೆ ನೋಡಿದಳು. ಆ ಡಬ್ಬಿ ಎಲ್ಲಿತ್ತೆಂದು ಅವಳಿಗೆ ಗೊತ್ತು. ಕುಸಿದು ಬಿದ್ದ ದಿನ ಅವಳ ಕಣ್ಣೆದುರಿಗೇ ಗೋಣಿಯ ಮರೆಯಲ್ಲಿ ಆ ಹಸಿರು ದೀಪ ಮಿಣುಕುತ್ತಿತ್ತು. ಆದರೂ ಅವಳು ಬಾಯಿ ಬಿಡಲಿಲ್ಲ. ತಾಯಿಯನ್ನು ಅತ್ತೆಯ ಮುಂದೆ ಹಿಡಿದುಕೊಡುವ ಮಗಳಲ್ಲ ಅವಳು. ಬಾಗಿ ಚೀಲ ಎತ್ತಿಕೊಳ್ಳಲು ಹೋದಳು. ಹೊಟ್ಟೆ ಹಿಡಿದುಕೊಂಡು, ನಿಧಾನವಾಗಿ.

ಹೋಗಲಿ ಕರೆಂಟು, ಹೋಗಲಿ ಮಾನ! ನಾನು ಎದ್ದು ಮಷೀನಿನ ಮೇಲಿನ ಸೀರೆ ಕಿತ್ತೆಸೆದೆ. ಗುಂಡಿ ಒತ್ತಿದೆ. ಅದು ಗರ್ ಎಂದು ತಿರುಗತೊಡಗಿತು.

"ನೋಡ್ಕೋ ತಂಗಿ, ಮನಿ ಮೀಟರಿನ ಮ್ಯಾಲ ನಡಸ್ತೇನಿ ಇದನ್ನ. ಯಾರಿಗೆ ಹೇಳತಿ ಹೇಳು. ನಿನ್ನ ಡಬ್ಬಿ ಇದರ ಚಾಡಿ ಹೇಳತೈತಿ ಅಂತ ಇಷ್ಟ ದಿನ ಅದನ್ನ ಅಲ್ಲೆ, ಆ ಹರವಿ ಹಿಂದ, ಹಸಿ ಗೋಣ್ಯಾಗ ಇಟ್ಟಿದ್ದೆ. ಅದು ಹೇಳಿದ್ದು ಹರವಿ ತಂಪ, ನನ್ನ ಮನಿ ತಂಪಲ್ಲ! ಅದ ಹರವಿ ಮುಂದ ನನ್ನ ಮಗಳು ಕಾವಿಗೆ ಬಿದ್ದಾಳ. ಸುಣ್ಣ ಹಚ್ಚಿದ ಮ್ಯಾಲ ಮೊಳಿಗೆ ಹಾಕೇನಿ. ಹರವಿ ಹಿಂದ ಎಷ್ಟ ತಂಪಿತ್ತೋ ಈಗ ಪತ್ರಾದ ಕೆಳಗ ಅಷ್ಟ ತಂಪ ಐತಿ. ಇನ್ನ ಬರಕೋ, ಸುಣ್ಣದಿಂದ ಉಪಯೋಗ ಇಲ್ಲಂತ!"

ಮಯೂರಿ ಬಗ್ಗಿ ಹರವಿಯ ಹಿಂದೆ ಕೈಯಿಟ್ಟು ನೋಡಿದಳು. ನೆಟ್ಟಗಾಗುವ ಹೊತ್ತಿಗೆ ಅವಳ ಕಣ್ಣುಗಳು ಅರಳಿದ್ದವು. "ಕಾಕು, ಈ ಡಬ್ಬಿಗೆ ಕಿವಿ ಇಲ್ರಿ. ಬರೇ ಕಾವು ತಿಳೀತೈತಿ ಇದಕ್ಕ" ಎಂದಳು. ಆಮೇಲೆ ಏನೋ ಹೊಳೆದಂತೆ ಬಾಗಿಲ ಕಡೆ ತಿರುಗಿದಳು. "ಉಳಿದವ್ರ ಡಬ್ಬಿ ಎಲ್ಲೆದಾವ?"

ಬಾಗಿಲಲ್ಲಿ ಚೆನ್ನವ್ವ ನಿಂತಿದ್ದಳು. ನನ್ನ ಕೂಗು ಕೇಳಿ ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನನ್ನನ್ನು ನೋಡಿದಳು, ತಿರುಗುತ್ತಿದ್ದ ಮಷೀನನ್ನು ನೋಡಿದಳು, ತನ್ನ ಮನೆಯ ಕಡೆ ಹೋದಳು. ತಿರುಗಿ ಬಂದಾಗ ಕೈಯಲ್ಲಿ ಅವಳ ಡಬ್ಬಿಯಿತ್ತು. ಹಸಿಯಾಗಿ ನೀರು ಸೋರುತ್ತಿತ್ತು.

"ನಂದು ಬಚ್ಚಲದಾಗ ಇತ್ತು" ಎಂದಳು. "ಎಲ್ಲಾರದೂ ಹಿಂಗ ಎಲ್ಲೆಲ್ಲೋ ಅದಾವ ನೋಡ್ರಿ."

ಹೀಗೆ ತಂಪಾಗಿತ್ತು ನಮ್ಮ ಓಣಿ. ನಾಲೆಯ ಆಚೆಯವರು ಯಾರಿಗೂ ಏನೂ ತಿನ್ನಿಸಿರಲಿಲ್ಲ. ನಮ್ಮ ಕಾವನ್ನು ನಾವೇ ಮುಚ್ಚಿಟ್ಟು ಕೂತಿದ್ದೆವು.

ನಾನು ಬಾಳಕ್ಕನ ಕಡೆ ನೋಡಲಾರದೆ ಮಷೀನು ಬಂದ್ ಮಾಡಿದೆ. ಈಗ ಚುಚ್ಚುತ್ತಾರೆ, ಚುಚ್ಚಲಿ ಎಂದು ಕಾದೆ. ಅವರು ನಿಂತವರು ಹಾಗೆಯೇ ಮತ್ತೆ ಕೂತರು. ಮಯೂರಿಯನ್ನು ನೋಡಿ ಮೆಲ್ಲಗೆ ಕೇಳಿದರು.

"ತಂಗಿ, ಸ್ಲ್ಯಾಬಿಗೂ ಹಚ್ಚಾಕ ಬರತೈತೇನವಾ ಇದು?"

"ಬರತೈತ್ರಿ. ಯಾಕ್ರಿ?"

ಸುವರ್ಣಾ ಚೀಲವನ್ನು ಕೆಳಗಿಟ್ಟಳು. "ಅವ್ವ ತನ್ನದು ಹೇಳಿದ್ಲಲ್ಲ, ನೀವೂ ಹೇಳ್ರಿ ಅತ್ತಿ" ಎಂದಳು. ಬಾಳಕ್ಕ ಸೆರಗಿನಿಂದ ಬಾಯಿ ಒರೆಸಿಕೊಂಡರು.

"ನಮ್ಮ ಸ್ಲ್ಯಾಬ್ ಹಗಲೆಲ್ಲಾ ಬಿಸಲ ಕುಡದು ರಾತ್ರಿ ಕಾರತೈತ್ರಿ ಹಾಲವ್ವಾರ. ಬೆಳತನಾ ಒಲಿ ಮುಂದ ಕುಂತಂಗ. ನಾವೆಲ್ಲಾ ಮಾಳಗಿ ಮ್ಯಾಲ ಮಲಗತೇವಿ. ಬಸುರಿನ್ನ ನಿಚ್ಚಣಿಕಿ ಹೆಂಗ ಹತ್ತಸ್ಬೇಕು? ಅದಕ್ಕ ಏಸಿ ಏಸಿ ಅಂತಿದ್ದೆ." ಅವರು ಸುವರ್ಣಾಳ ಚೀಲವನ್ನು ಗೋಡೆಯ ಕಡೆ ಸರಿಸಿದರು. "ನಿಮ್ಮ ಮುಂದ ಹೇಳಾಕ ನಾಚಿಕಿ ಆತು. ಇಲ್ಲೇ ಇರಲಿ ಹುಡುಗಿ. ಚಹಾ ಕುಡೀತೇನೀಗ, ಮಾಡ್ರಿ."

ಒಲೆ ಹಚ್ಚಲು ಎದ್ದೆ. ಮಯೂರಿ ಹೊಸ್ತಿಲ ಮೇಲೆ ಕೂತು ಯಾರಿಗೋ ಫೋನು ಮಾಡಿ, ಓಣಿಯ ಅಳತೆ ಮತ್ತೆ ಮೊದಲಿನಿಂದ ಮಾಡಬೇಕು ಎನ್ನುತ್ತಿದ್ದಳು. ಮೊಳೆಯ ಮೇಲೆ ಹಸಿರು ದೀಪ ಮಿಣುಕುತ್ತಲೇ ಇತ್ತು. ಅದಕ್ಕೆ ಕಿವಿಯಿಲ್ಲ ಎಂದು ಆ ಹುಡುಗಿ ಹೇಳಿದ್ದನ್ನು ನಾನು ಇವತ್ತಿಗೂ ಪೂರ್ತಿ ನಂಬಿಲ್ಲ. ಆದರೆ ಅಲ್ಲಿಂದ ಅದನ್ನು ಇಳಿಸಿಯೂ ಇಲ್ಲ.